ಮರಳಿನ ಮೇಲೆ ಜೋಜಿ ಲಾ: ಲೇಹ್‌ಗೆ ದಾರಿ ಬಿಡಿಸಿದ ಕಾರ್ಯಾಚರಣೆಯನ್ನು ನಾನು ಕಲಿಸಿದ ಬಗೆ

ಮುತ್ತಿಗೆಯಲ್ಲಿ ಸಿಕ್ಕಿಕೊಂಡ ಕಾವಲು ಪಡೆಯನ್ನು ಬಿಡಿಸಿಕೊಂಡ ಕಾರ್ಯಾಚರಣೆಯನ್ನು ಕೊನೆಯ ದಿನದ ಕಾಳಗದಿಂದ ಹೇಳಲು ಆರಂಭಿಸಿದರೆ ಕೇಳುವವರಿಗೆ ಶೌರ್ಯ ಅರ್ಥವಾಗುತ್ತದೆ, ಕಾರ್ಯಾಚರಣೆ ಅರ್ಥವಾಗುವುದಿಲ್ಲ. ಕೊಡಗಿನ ಒಂದು ಪದವಿ ಕಾಲೇಜಿನಲ್ಲಿ ಭೂಗೋಳದ ಅಧ್ಯಾಪಕನಾಗಿ, ಜೊತೆಗೆ ಎನ್‌ಸಿಸಿ ಅಧಿಕಾರಿಯಾಗಿ ಕೆಲಸ ಮಾಡಿದ ಕಾಲದಲ್ಲಿ 1948ರ ಜೋಜಿ ಲಾ ಕಾರ್ಯಾಚರಣೆಯನ್ನು ಕೆಡೆಟ್‌ಗಳಿಗೆ ಸ್ಯಾಂಡ್ ಮಾಡೆಲ್ ಮೇಲೆ, ಅಂದರೆ ಮರಳಿನಲ್ಲಿ ತಿದ್ದಿದ ನೆಲದ ಮಾದರಿಯ ಮೇಲೆ, ಕಲಿಸುತ್ತ ಬಂದೆ. ಜೋಜಿ ಲಾ ಎಂಬುದು ಕಾಶ್ಮೀರದಿಂದ ಲಡಾಖ್‌ಗೆ ದಾಟುವ ಎತ್ತರದ ಕಣಿವೆಮಾರ್ಗ; ಕಾರ್ಯಾಚರಣೆ ನಡೆದದ್ದು ಕಾಶ್ಮೀರಕ್ಕಾಗಿ ಭಾರತ ಮತ್ತು ಪಾಕಿಸ್ತಾನದ ನಡುವೆ ನಡೆದ ಮೊದಲ ಯುದ್ಧದಲ್ಲಿ. ನಮ್ಮಲ್ಲಿ ಈ ವಿಷಯಕ್ಕೆ ಒಂದು ವಿಶೇಷ ತೊಡಕಿದೆ. ಆ ಕಾರ್ಯಾಚರಣೆಯನ್ನು ನಡೆಸಿದ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯನವರು ಮಡಿಕೇರಿಯಲ್ಲಿ ಹುಟ್ಟಿದವರು. ಅವರ ಮೇಲೆ ಪಶ್ಚಿಮ ಕಮಾಂಡಿನ ಹೊಣೆ ಹೊತ್ತಿದ್ದ ಲೆಫ್ಟಿನೆಂಟ್ ಜನರಲ್ ಕೆ.ಎಂ. ಕಾರ್ಯಪ್ಪನವರೂ ಕೊಡಗಿನವರೇ. ಇಬ್ಬರ ಪ್ರತಿಮೆಗಳನ್ನೂ ನೋಡುತ್ತ ಬೆಳೆದ ಹುಡುಗ ಹುಡುಗಿಯರು ತರಗತಿಗೆ ಬರುವಾಗಲೇ ಕಥೆಯ ತುದಿಯನ್ನು ಬಲ್ಲರು: ಜನರಲ್ ಸಾಹೇಬರು ಮುಂದಿನ ಟ್ಯಾಂಕಿನಲ್ಲಿ ಕುಳಿತು ಹಿಮದ ಕಣಿವೆಯನ್ನು ದಾಟಿದರು. ಅದು ನಿಜ. ಆದರೆ ಆ ಟ್ಯಾಂಕು ಅಲ್ಲಿಗೆ ಬಂದದ್ದು ಹೇಗೆ, ನವೆಂಬರ್ ಒಂದನೇ ತಾರೀಕಿನವರೆಗೆ ಕಾಯಬೇಕಾದದ್ದು ಏಕೆ, ಇನ್ನು ಮೂರು ವಾರ ತಡವಾಗಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಗಳು ಆ ಚಿತ್ರದ ಹಿಂದೆ ಮರೆಯಾಗುತ್ತವೆ. ನನ್ನ ಮಾದರಿಯನ್ನು ಆ ಪ್ರಶ್ನೆಗಳಿಗಾಗಿಯೇ ಕಟ್ಟಿದೆ.

ಎರಡು ಮಾದರಿಗಳು ಬೇಕಾದವು. ಒಂದರಲ್ಲಿ ಶ್ರೀನಗರದಿಂದ ಲೇಹ್‌ವರೆಗಿನ ಇಡೀ ದಾರಿ, ಇನ್ನೊಂದರಲ್ಲಿ ಜೋಜಿ ಲಾದ ಕಾಶ್ಮೀರದ ಬದಿಯ ಬಾಲ್ಟಾಲ್‌ನಿಂದ ಲಡಾಖ್ ಬದಿಯ ಗುಮ್ರಿಯವರೆಗಿನ ಕಣಿವೆಮಾರ್ಗ ಮಾತ್ರ. ಸಾಮಾನ್ಯವಾಗಿ ಎನ್‌ಸಿಸಿಯಲ್ಲಿ ಎರಡನೆಯದನ್ನು ಮಾತ್ರ ಮಾಡುತ್ತಾರೆ, ಏಕೆಂದರೆ ಪ್ಲಟೂನ್ ಮಟ್ಟದ ದಾಳಿಯನ್ನು ವಿವರಿಸಲು ಅಷ್ಟು ಸಾಕು. ಆದರೆ ಕಾವಲು ಪಡೆಯನ್ನು ಬಿಡಿಸುವ ಕೆಲಸದಲ್ಲಿ ಹೋರಾಟ ನಡೆಯುವ ಜಾಗವೇ ಬೇರೆ, ಸಿಕ್ಕಿಬಿದ್ದವರು ಇರುವ ಜಾಗವೇ ಬೇರೆ, ಮತ್ತು ಅವೆರಡರ ನಡುವಿನ ದೂರವೇ ಇಡೀ ಸಮಸ್ಯೆ. ಆ ದೂರ ಕಣ್ಣಿಗೆ ಕಾಣದಿದ್ದರೆ ಸಮಸ್ಯೆಯೂ ಕಾಣುವುದಿಲ್ಲ.

ಉದ್ದದ ಮಾದರಿಯಲ್ಲಿ ಒಂದು ಕಿಲೋಮೀಟರಿಗೆ ಒಂದು ಸೆಂಟಿಮೀಟರ್ ಎಂದು ಹಿಡಿದೆ. ಈಗಿನ ಹೆದ್ದಾರಿಯ ಲೆಕ್ಕದಲ್ಲಿ ಶ್ರೀನಗರದಿಂದ ಲೇಹ್‌ಗೆ ಸುಮಾರು 420 ಕಿ.ಮೀ.; ಹಾಗಾಗಿ ದಾರಿಯ ತಿರುವುಗಳನ್ನೆಲ್ಲ ನೇರಮಾಡಿ ಸುಮಾರು ನಾಲ್ಕು ಮೀಟರ್ ಇಪ್ಪತ್ತು ಸೆಂಟಿಮೀಟರ್ ಉದ್ದದ ಪಟ್ಟಿಯೊಂದನ್ನು ಮಳೆ ಬೀಳದ ಶೆಡ್ಡಿನೊಳಗೆ ಹಲಗೆ ಹೊಡೆದು ಸಿದ್ಧಮಾಡಿದೆವು. ಎತ್ತರಕ್ಕೆ ಅದೇ ಅಳತೆಯನ್ನು ಇಟ್ಟರೆ ನಡೆಯುವುದಿಲ್ಲ. ಶ್ರೀನಗರ ಸುಮಾರು 1,600 ಮೀಟರ್ ಎತ್ತರದಲ್ಲಿದೆ, ಜೋಜಿ ಲಾ ಸುಮಾರು 3,500 ಮೀಟರಿನಲ್ಲಿದೆ. ನಡುವಿನ ವ್ಯತ್ಯಾಸ ಮರಳಿನ ಮೇಲೆ ಎರಡು ಸೆಂಟಿಮೀಟರ್ ಕೂಡ ಆಗುವುದಿಲ್ಲ. ಆದ್ದರಿಂದ ಎತ್ತರವನ್ನು ಹತ್ತು ಪಟ್ಟು ಹೆಚ್ಚಿಸಿಕೊಂಡೆ, ಮತ್ತು ಹಾಗೆ ಹೆಚ್ಚಿಸಿರುವುದನ್ನು ದೊಡ್ಡ ಅಕ್ಷರದಲ್ಲಿ ಬರೆದು ಉತ್ತರ ದಿಕ್ಕಿನ ಬಾಣದ ಪಕ್ಕದಲ್ಲೇ ಇಟ್ಟೆ. ಕೆಳಗೆ ಒದ್ದೆ ಕೆಮ್ಮಣ್ಣು, ಮೇಲೆ ಜರಡಿ ಹಿಡಿದ ಹೊಳೆಮರಳು, ಕಾಶ್ಮೀರದ ಕಡೆಗೆ ಹಸಿರು ಬಣ್ಣ ಹಾಕಿದ ಮರದ ಹೊಟ್ಟು, ಲಡಾಖ್ ಕಡೆಗೆ ಬರಿಯ ಮಣ್ಣು, ಹಿಮಕ್ಕೆ ರಂಗೋಲಿ ಪುಡಿ. ಹತ್ತಿಯನ್ನು ಹಿಮವಾಗಿ ಬಳಸುವುದು ವಾಡಿಕೆ, ಆದರೆ ಕೋಲು ತಗುಲಿದರೆ ಎದ್ದುಬರುತ್ತದೆ. ರಂಗೋಲಿ ಪುಡಿಯನ್ನು ತಿಂಗಳಿಗೆ ತಕ್ಕಂತೆ ಉದುರಿಸಬಹುದು, ಬ್ರಷ್ಷಿನಿಂದ ಗುಡಿಸಿ ತೆಗೆಯಲೂಬಹುದು. ಮುಂದೆ ಇದರಿಂದ ಬಹಳ ಉಪಯೋಗವಾಯಿತು.

ಈ ಪಟ್ಟಿ ಪೂರ್ತಿಯಾದಾಗ ಕೆಡೆಟ್‌ಗಳು ಮೊದಲು ಗಮನಿಸುವುದು ಜೋಜಿ ಲಾವನ್ನಲ್ಲ, ಕಾರ್ಗಿಲ್ ಮತ್ತು ಲೇಹ್ ನಡುವಿನ ಫೋತು ಲಾವನ್ನು. ಅದರ ಎತ್ತರ 4,100 ಮೀಟರಿನ ಸುಮಾರು. “ಸರ್, ಇದು ಜೋಜಿ ಲಾಗಿಂತ ಎತ್ತರ ಇದೆಯಲ್ಲ, ಹಾಗಾದರೆ ನಿಜವಾದ ಅಡ್ಡಿ ಇದೇ ಅಲ್ಲವೇ?” ಎಂಬ ಪ್ರಶ್ನೆ ಪ್ರತಿ ತಂಡದಿಂದಲೂ ಬಂದಿದೆ, ಮತ್ತು ಅದು ಬರಲೆಂದೇ ನಾನು ಮೊದಲು ಬಾಯಿ ಬಿಡುತ್ತಿರಲಿಲ್ಲ. ನಮ್ಮ ಮಕ್ಕಳಿಗೆ ಇದನ್ನು ವಿವರಿಸುವುದು ಸುಲಭ. ಸಂಪಾಜೆಯಿಂದ ಮಡಿಕೇರಿಗೆ ಘಾಟಿ ಹತ್ತುವಾಗ ಮಳೆಯೆಲ್ಲ ಆ ಬದಿಯಲ್ಲೇ ಸುರಿದುಹೋಗುತ್ತದೆ, ಮಡಿಕೇರಿಯಿಂದ ಕುಶಾಲನಗರದ ಕಡೆಗೆ ಹೋದಂತೆ ನೆಲ ಮೆಲ್ಲನೆ ಇಳಿಯುತ್ತದೆ, ಮಳೆ ಕಡಿಮೆಯಾಗುತ್ತದೆ. ಜೋಜಿ ಲಾದಲ್ಲಿಯೂ ಅದೇ ವಿನ್ಯಾಸವಿದೆ, ಮಳೆಯ ಬದಲು ಹಿಮ. ಪಶ್ಚಿಮದಿಂದ ಬರುವ ತೇವದ ಗಾಳಿ ಹಿಮಾಲಯದ ಮುಖ್ಯ ಸಾಲಿಗೆ ಬಡಿದು ಹಿಮವನ್ನೆಲ್ಲ ಅಲ್ಲಿ ಸುರಿಸಿಬಿಡುತ್ತದೆ. ಆಚೆಯ ಫೋತು ಲಾ ಎತ್ತರವಾಗಿದ್ದರೂ ಒಣ ಸೀಮೆ. ಬಾಲ್ಟಾಲ್‌ನಿಂದ ಮೇಲಕ್ಕೆ ಕೆಲವೇ ಕಿಲೋಮೀಟರುಗಳಲ್ಲಿ ಆರೇಳು ನೂರು ಮೀಟರ್ ಹತ್ತಬೇಕು, ಆದರೆ ಮೇಲೆ ತಲುಪಿದ ಮೇಲೆ ಗುಮ್ರಿ, ಮಟಾಯನ್, ದ್ರಾಸ್ ಕಡೆಗೆ ನೆಲ ಹೆಚ್ಚು ಕುಸಿಯುವುದಿಲ್ಲ. ಹತ್ತುವುದು ಅತಿ ಕಷ್ಟ, ಹತ್ತಿದವನಿಗೆ ಆಚೆ ತೆರೆದ ಬಯಲು: ಟ್ಯಾಂಕಿನ ಯೋಚನೆ ಹುಟ್ಟಿದ್ದೇ ನೆಲದ ಈ ಸ್ವಭಾವದಲ್ಲಿ.

ಆದರೆ ಟ್ಯಾಂಕಿಗೆ ಇನ್ನೂ ಸಮಯವಿದೆ. ಮೊದಲು ಮಾದರಿಯ ಮೇಲೆ ಸಿಕ್ಕಿಬಿದ್ದವರನ್ನು ಇಡಬೇಕು.

ಪಟ್ಟಿಯ ಕೆಳಗೆ 1947ರ ನವೆಂಬರ್‌ನಿಂದ 1948ರ ಡಿಸೆಂಬರ್‌ವರೆಗಿನ ತಿಂಗಳುಗಳನ್ನು ಬರೆದ ಇನ್ನೊಂದು ಹಲಗೆಯಿತ್ತು. ಕಣಿವೆ ಹಿಮದಿಂದ ಮುಚ್ಚಿರುವ ತಿಂಗಳುಗಳಿಗೆ ಸುಣ್ಣ ಬಳಿದಿದ್ದೆ. ಮೂರು ಕಾವಲು ಪಡೆಗಳಿಗೆ ಮೂರು ಬಣ್ಣದ ಉಣ್ಣೆ ದಾರ: ಸಿಂಧೂ ಕಣಿವೆಯಲ್ಲಿ ಲೇಹ್‌ನ ವಾಯವ್ಯಕ್ಕಿರುವ ಸ್ಕರ್ದು, ಲೇಹ್, ಪೂಂಛ್. ಪೂಂಛ್ ನಮ್ಮ ಪಟ್ಟಿಯಲ್ಲಿ ಇಲ್ಲ, ಅದು ಪೀರ್ ಪಂಜಾಲದ ದಕ್ಷಿಣಕ್ಕೆ. ಆದರೂ ಅದರ ದಾರವನ್ನು ಉದ್ದೇಶಪೂರ್ವಕವಾಗಿ ಸೇರಿಸಿದೆ, ಏಕೆಂದರೆ ಹೋಲಿಸಿ ನೋಡದೆ ಸ್ಕರ್ದು ಏಕೆ ಕಳೆದುಹೋಯಿತು ಎಂದು ತಿಳಿಯುವುದಿಲ್ಲ.

1947ರ ನವೆಂಬರ್ ಆರಂಭದಲ್ಲಿ ಗಿಲ್ಗಿಟ್ ಸ್ಕೌಟ್ಸ್ ಎಂಬ ಸ್ಥಳೀಯ ಪಡೆ ದಂಗೆಯೆದ್ದು ಗಿಲ್ಗಿಟ್ ಸಂಸ್ಥಾನದ ಕೈತಪ್ಪಿ ಪಾಕಿಸ್ತಾನದ ಕಡೆ ಸೇರಿತು. ಆ ಕಡೆಯವರಿಂದ ಸ್ಕರ್ದುವಿನ ಮೇಲೆ ದಾಳಿ ಬಿದ್ದದ್ದು 1948ರ ಫೆಬ್ರವರಿಯಲ್ಲಿ, ಅಂದರೆ ಹಲಗೆಯಲ್ಲಿ ಸುಣ್ಣ ಬಳಿದ ಭಾಗದ ನಟ್ಟನಡುವೆ. ಅಲ್ಲಿ ಶೇರ್ ಜಂಗ್ ಥಾಪಾ ಅವರ ಕೈಕೆಳಗೆ ಜಮ್ಮು ಕಾಶ್ಮೀರ ಸಂಸ್ಥಾನದ ಸಣ್ಣ ಪಡೆಯೊಂದಿತ್ತು, ಅದರ ಆಶ್ರಯದಲ್ಲಿ ನಿರಾಶ್ರಿತ ಕುಟುಂಬಗಳೂ ಇದ್ದವು. ಬಿಡಿಸಲು ಹೋದ ಪಡೆಗಳು ಸಿಂಧೂ ನದಿಯ ಇಕ್ಕಟ್ಟಾದ ಕೊರಕಲಿನಲ್ಲಿ ಹೊಂಚುದಾಳಿಗೆ ಸಿಕ್ಕಿ ಹಿಂದಿರುಗಿದವು. ವಿಮಾನ ಇಳಿಸುವ ಜಾಗವಿರಲಿಲ್ಲ. ಯುದ್ಧವಿಮಾನಗಳಿಂದ ಡಬ್ಬಿಗಳಲ್ಲಿ ಹಾಕಿದ ಸಾಮಗ್ರಿ ಸಾಲಲಿಲ್ಲ. ಆರು ತಿಂಗಳು ಹಿಡಿದಿಟ್ಟುಕೊಂಡು, ಮದ್ದುಗುಂಡು ಮುಗಿದ ಮೇಲೆ, ಆಗಸ್ಟ್ 14ರಂದು ಸ್ಕರ್ದು ಶರಣಾಯಿತು. ಈ ದಾರವನ್ನು ಕತ್ತರಿಸುವ ಕೆಲಸವನ್ನು ನಾನು ಕೆಡೆಟ್‌ಗಳಿಗೇ ಬಿಡುತ್ತಿದ್ದೆ. ಕತ್ತರಿ ಹಿಡಿದವರು ಯಾರೇ ಆಗಲಿ ಒಂದು ಕ್ಷಣ ತಡೆಯುತ್ತಿದ್ದರು. ಅದಕ್ಕೆ ನಾನು ವಿವರಣೆ ಸೇರಿಸುತ್ತಿರಲಿಲ್ಲ.

ಲೇಹ್‌ನ ಸ್ಥಿತಿಯನ್ನು ವರ್ಣಿಸುವಾಗ ಮಾತನ್ನು ಅಳೆದು ಬಳಸಬೇಕು. ಸ್ಕರ್ದುವಿನಂತೆ ಅದು ಗೋಡೆಗಳ ಸುತ್ತ ಶತ್ರು ಕುಳಿತ ಮುತ್ತಿಗೆಯಲ್ಲ. ಮೇ ತಿಂಗಳಿನಲ್ಲಿ ದಾಳಿಕಾರರು ಸ್ಕರ್ದುವನ್ನು ಪಕ್ಕಕ್ಕೆ ಬಿಟ್ಟು ಮುಂದೆ ಬಂದು ಕಾರ್ಗಿಲ್ ಹಿಡಿದರು, ನಂತರ ದ್ರಾಸ್ ಬಿತ್ತು, ಬೇಸಿಗೆಯಲ್ಲಿ ಜೋಜಿ ಲಾವೂ ಅವರ ಕೈಸೇರಿತು. ಶ್ರೀನಗರದ ದಾರಿ ಹೀಗೆ ಕಡಿದುಹೋದಾಗ ಲೇಹ್ ದೂರದಿಂದಲೇ ಮುತ್ತಿಗೆಗೆ ಒಳಗಾಯಿತು. ಸಿಂಧೂ ಮತ್ತು ಶ್ಯೋಕ್ ಕಣಿವೆಗಳ ಮೂಲಕ ಒತ್ತಡ ಹತ್ತಿರ ಹತ್ತಿರ ಬರುತ್ತಿತ್ತು. ಅದನ್ನು ಉಳಿಸಿದ್ದು ಮೊದಲೇ ನಡೆದಿದ್ದ ಎರಡು ಕೆಲಸಗಳು. ಚಳಿಗಾಲದ ನಡುವೆ, ಹಿಮ ತುಂಬಿದ ಜೋಜಿ ಲಾವನ್ನು ಕಾಲ್ನಡಿಗೆಯಲ್ಲಿ ದಾಟಿ, ಡೋಗ್ರಾ ರೆಜಿಮೆಂಟಿನ ಲಾಹೌಲಿ ಅಧಿಕಾರಿ ಪೃಥಿ ಚಂದ್ ಸ್ವಯಂಸೇವಕರ ಚಿಕ್ಕ ತಂಡದೊಂದಿಗೆ 1948ರ ಮಾರ್ಚ್‌ನಲ್ಲಿ ಲೇಹ್ ಸೇರಿದ್ದರು. ಆ ತಂಡದ ಜೊತೆಗೆ ಹೋದ ಲಡಾಖಿ ಎಂಜಿನಿಯರ್ ಸೋನಮ್ ನೋರ್ಬು ಸ್ಥಳೀಯರನ್ನು ಸೇರಿಸಿಕೊಂಡು ವಿಮಾನ ಇಳಿಯಲು ನೆಲ ಸಮಮಾಡಿದರು. ಮೇ 24ರಂದು ಏರ್ ಕಮಡೋರ್ ಮೆಹರ್ ಸಿಂಗ್, ತಿಮ್ಮಯ್ಯನವರನ್ನು ಕೂರಿಸಿಕೊಂಡು, ಡಕೋಟ ವಿಮಾನವನ್ನು ಅಲ್ಲಿ ಇಳಿಸಿದರು. ಒಳಗಿನ ಗಾಳಿಯ ಒತ್ತಡವನ್ನು ಕಾಪಾಡುವ ವ್ಯವಸ್ಥೆಯೇ ಇಲ್ಲದ ವಿಮಾನ ಅದು, ಹಾರಿದ್ದು ತನ್ನ ಶಕ್ತಿಯ ಅಂಚಿನ ಎತ್ತರದಲ್ಲಿ. ಅದಾದ ಮೇಲೆ ಗೂರ್ಖಾ ಸೈನಿಕರು ವಿಮಾನದಲ್ಲಿ ಬಂದರು. ಇನ್ನು ಕೆಲವರು ಮನಾಲಿಯ ಕಡೆಯಿಂದ ನಡೆದೇ ಬಂದರು.

ಪೂಂಛ್‌ನ ದಾರ ಇವೆರಡಕ್ಕಿಂತ ಉದ್ದ. 1947ರ ನವೆಂಬರ್‌ನಲ್ಲಿ ಸುತ್ತುವರಿದ ಆ ಪಟ್ಟಣದಲ್ಲಿ ಬ್ರಿಗೇಡಿಯರ್ ಪ್ರೀತಮ್ ಸಿಂಗ್ ಅವರ ಪಡೆ ಸಾವಿರಾರು ನಿರಾಶ್ರಿತರೊಂದಿಗೆ ಒಂದು ವರ್ಷ ನಿಂತಿತು; ಡಿಸೆಂಬರ್‌ನಲ್ಲೇ ಅಲ್ಲಿಯೂ ವಿಮಾನಪಟ್ಟಿ ಸಿದ್ಧವಾಗಿತ್ತು. ಮೂರು ದಾರಗಳನ್ನು ಒಂದರ ಕೆಳಗೊಂದು ನೋಡಿದಾಗ ವಿಮಾನ ಇಳಿದ ಎರಡು ಕೊನೆಯವರೆಗೆ ಹೋಗುತ್ತವೆ, ಇಳಿಯದ ಒಂದು ಆಗಸ್ಟ್‌ನಲ್ಲಿ ನಿಲ್ಲುತ್ತದೆ. ಹೊರಗಿನಿಂದ ಬಿಡಿಸಲು ಬರುವವರಿಗೆ ಒಳಗಿನವರು ದುಡಿದು ಕೊಡುವ ಕಾಲಾವಕಾಶ ಎಂದರೆ ಇದೇ ಎಂದು ನಾನು ಬೆರಳಿಟ್ಟು ತೋರಿಸುತ್ತಿದ್ದೆ.

ಇಲ್ಲಿಗೆ ಬರುವ ಹೊತ್ತಿಗೆ ತರಗತಿಯ ಅತ್ಯುತ್ತಮ ಪ್ರಶ್ನೆ ಬರುತ್ತದೆ. ಒಮ್ಮೆ ಅದನ್ನು ಎತ್ತಿದ ಹುಡುಗ ಬಿ.ಕಾಂ. ಓದುತ್ತಿದ್ದವನು. “ಸರ್, ಲೇಹ್‌ನಲ್ಲಿ ವಿಮಾನ ಇಳಿಯುತ್ತಿತ್ತಲ್ಲ, ಆಮೇಲೂ ರಸ್ತೆಗಾಗಿ ಅಷ್ಟು ಜನರನ್ನು ಕಳೆದುಕೊಳ್ಳುವುದು ಏಕೆ ಬೇಕಿತ್ತು?” ಅದಕ್ಕೆ ಉತ್ತರವನ್ನು ಲೆಕ್ಕದಲ್ಲೇ ತೆಗೆಯಿರಿ ಎಂದು ಕಾಗದ ಕೊಟ್ಟೆ. ಕಲಿಕೆಯ ಅನುಕೂಲಕ್ಕೆ ಮಾತ್ರ ನಾವು ಹಿಡಿದ ಅಂದಾಜುಗಳು ಇವು: 500 ಜನ, ಆರು ತಿಂಗಳ ಚಳಿಗಾಲ, ತಲೆಗೆ ದಿನಕ್ಕೆ ಒಂದು ಕಿಲೋ ಆಹಾರ. ಒಟ್ಟು 90 ಟನ್ ಆಯಿತು. ಡಕೋಟ ಸಾಮಾನ್ಯ ಸ್ಥಿತಿಯಲ್ಲಿ ಸುಮಾರು ಎರಡೂವರೆ ಟನ್ ಹೊರುತ್ತದೆ ಎಂದರೆ 36 ಸಲ ಹಾರಿದರೆ ಸಾಕು. ಹುಡುಗ ಗೆದ್ದೆನೆಂದುಕೊಂಡ. ಆಗ ನಾನು ಒಂದೊಂದೇ ಚೀಟಿ ಮೇಜಿನ ಮೇಲೆ ಇಡುತ್ತ ಹೋದೆ. ಆ ಎತ್ತರಕ್ಕೆ ಹೊರೆ ಕಡಿಮೆಮಾಡಬೇಕು. ಮದ್ದುಗುಂಡು ತೂಕದ ವಸ್ತು. ಉರುವಲು ಇಲ್ಲದ ಊರಿಗೆ ಸೀಮೆಎಣ್ಣೆ ಹೋಗಬೇಕು. ಚಳಿಯ ಬಟ್ಟೆ, ಡೇರೆ, ಔಷಧ ಹೋಗಬೇಕು. ಸೈನಿಕರೇ ವಿಮಾನದಲ್ಲಿ ಹೋಗಬೇಕಾಗಿರುವುದರಿಂದ ಅವರು ಕುಳಿತ ದಿನ ಅಕ್ಕಿ ಹೋಗುವುದಿಲ್ಲ. ಮೋಡ ಕವಿದ ದಿನ ಯಾವುದೂ ಹೋಗುವುದಿಲ್ಲ. ಅದೇ ವಿಮಾನಗಳನ್ನು ಪೂಂಛ್ ಕೂಡ ಕೇಳುತ್ತಿದೆ. ಇಷ್ಟೆಲ್ಲ ಆದ ಮೇಲೆ ಲೇಹ್ ಬದುಕಬಹುದು, ಆದರೆ ಅಲ್ಲಿಂದ ಹೊರಟು ಶತ್ರುವನ್ನು ಹಿಮ್ಮೆಟ್ಟಿಸುವ ಶಕ್ತಿ ಬರುವುದಿಲ್ಲ.

ಹೇಸರಗತ್ತೆಯ ಲೆಕ್ಕ ಇದಕ್ಕಿಂತಲೂ ಸ್ವಾರಸ್ಯವಾಗಿತ್ತು. ಒಂದು ಹೇಸರಗತ್ತೆ ಸುಮಾರು 70 ಕಿಲೋ ಹೊರುತ್ತದೆ, ದಿನಕ್ಕೆ 20 ಕಿ.ಮೀ. ನಡೆಯುತ್ತದೆ, ಕನಿಷ್ಠ ನಾಲ್ಕು ಕಿಲೋ ಮೇವು ತಿನ್ನುತ್ತದೆ ಎಂದು ಹಿಡಿಯಿರಿ. ಶ್ರೀನಗರದಿಂದ ಲೇಹ್ ಸೇರಲು ಮೂರು ವಾರ. ಅಷ್ಟರಲ್ಲಿ ತಿನ್ನುವ ಮೇವು 84 ಕಿಲೋ. ದಾರಿಯಲ್ಲಿ ಹಳ್ಳಿಗಳು ಹುಲ್ಲು ಕೊಡದಿದ್ದರೆ ಅದು ತನ್ನ ಹೊರೆಯನ್ನೆಲ್ಲ ತಾನೇ ತಿಂದು ಮುಗಿಸಿದರೂ ಲೇಹ್ ತಲುಪುವುದಿಲ್ಲ. ಹಳೆಯ ವ್ಯಾಪಾರದ ಕಾಫಿಲಾಗಳು ನಡೆಯುತ್ತಿದ್ದದ್ದು ಬೇಸಿಗೆಯಲ್ಲಿ, ಹಳ್ಳಿಗಳ ನೆರವಿನಿಂದ. ಚಳಿಗಾಲಕ್ಕೆ ಮುನ್ನ ಸೈನ್ಯವೊಂದು ಆಚೆ ಹೋಗಿ ನಿಲ್ಲಬೇಕಾದರೆ ವಾಹನ ಹೋಗುವ ದಾರಿ ಬೇಕೇ ಬೇಕು. ಈ ಲೆಕ್ಕ ಮುಗಿದ ಮೇಲೆ ಆ ಹುಡುಗ ಮತ್ತೆ ವಿಮಾನದ ಮಾತೆತ್ತಲಿಲ್ಲ, ತಾನಾಗಿಯೇ ಹೋಗಿ ಬಾಲ್ಟಾಲ್ ಮಾದರಿಯ ಮುಂದೆ ನಿಂತ.

ಸೆಪ್ಟೆಂಬರ್‌ನಲ್ಲಿ ಭಾರತೀಯ ಸೇನೆಯ 77 ಪ್ಯಾರಾ ಬ್ರಿಗೇಡ್ ಕಾಲಾಳುಗಳಿಂದಲೇ ಕಣಿವೆಯನ್ನು ಹಿಡಿಯಲು ಪ್ರಯತ್ನಿಸಿತು. ಆ ಯೋಜನೆಗೆ ‘ಡಕ್’ ಎಂಬ ಸಂಕೇತನಾಮವಿತ್ತು. ಸಣ್ಣ ಮಾದರಿಯಲ್ಲಿ ಇದನ್ನು ತೋರಿಸಲು ಉಸ್ತಾದ್, ಅಂದರೆ ನಮ್ಮ ಎನ್‌ಸಿಸಿ ಘಟಕದಿಂದ ಬರುತ್ತಿದ್ದ ಹವಾಲ್ದಾರ್ ಸಾಹೇಬರು, ಒಂದು ಉಪಾಯ ಹೇಳಿಕೊಟ್ಟರು. ಎರಡೂ ಬದಿಯ ಗುಡ್ಡಗಳ ಮೇಲೆ ಮೆಷಿನ್‌ಗನ್ನುಗಳಿರುವ ಜಾಗದಲ್ಲಿ ಮೊಳೆ ಹೊಡೆದು, ಪ್ರತಿ ಮೊಳೆಯಿಂದ ಕೆಂಪು ದಾರವನ್ನು ಬಿಗಿಯಾಗಿ ಎಳೆದು ಕಣಿವೆಯ ನೆಲಕ್ಕೆ ಕಟ್ಟುವುದು. ದಾರ ಯಾವ ದಿಬ್ಬಕ್ಕೂ ತಗುಲದೆ ನೇರವಾಗಿ ಹೋದರೆ ಆ ಜಾಗ ಗುಂಡಿಗೆ ತೆರೆದಿದೆ ಎಂದರ್ಥ. ತಗುಲಿದರೆ ಅದರ ಹಿಂದೆ ಮನುಷ್ಯ ಅಡಗಬಹುದು. ನಾವು ಮರಳಿನಲ್ಲಿ ತಿದ್ದಿದ ಕಣಿವೆಯಲ್ಲಿ ಅಡಗುವ ಜಾಗ ಬಹಳ ಕಡಿಮೆ ಉಳಿಯಿತು. ಬಂಡೆಗಳ ನಡುವೆ, ಗವಿಗಳಲ್ಲಿ, ಕಲ್ಲು ಪೇರಿಸಿದ ಸಂಗರ್‌ಗಳಲ್ಲಿ ಕುಳಿತ ಗನ್ನುಗಳನ್ನು ಮೇಲಿನಿಂದ ಹಾಕಿದ ಗುಂಡು ಮುಟ್ಟುವುದಿಲ್ಲ. ಎದುರಿಗೆ ಹೋಗಿ ಬಾಯಿಗೇ ಹೊಡೆಯಬೇಕು. ಎದುರಿಗೆ ಹೋದ ಸೈನಿಕ ಬದುಕುವುದಿಲ್ಲ. ಸೆಪ್ಟೆಂಬರ್ ದಾಳಿಗಳು ನಷ್ಟದೊಂದಿಗೆ ನಿಂತದ್ದು ಹೀಗೆ. ಎದುರಿಗೆ ಹೋಗಿಯೂ ಬದುಕುವ ವಸ್ತು ಯಾವುದು ಎಂದು ಕೇಳಿದರೆ ಆಗ ಎಲ್ಲರೂ ಟ್ಯಾಂಕ್ ಎನ್ನುತ್ತಾರೆ. ಉತ್ತರ ತಿಳಿದದ್ದೇ, ಆದರೆ ಅದು ಬೇಕಾದ ಜಾಗದಲ್ಲಿ ಬಂದಾಗ ಅದರ ತೂಕವೇ ಬೇರೆ.

7ನೇ ಲೈಟ್ ಕ್ಯಾವಲ್ರಿ ಎಂಬ ಟ್ಯಾಂಕ್ ರೆಜಿಮೆಂಟಿನ ಸ್ಟೂಅರ್ಟ್ ಟ್ಯಾಂಕುಗಳು ಜಮ್ಮುವಿನ ಕಡೆ ಇದ್ದವು. ಅವುಗಳ ತೂಕ ಸುಮಾರು 15 ಟನ್, ಅಗಲ ಸುಮಾರು ಎರಡೂಕಾಲು ಮೀಟರ್, ತೋಪು 37 ಮಿ.ಮೀ.ನದು. ಟ್ಯಾಂಕುಗಳ ಲೋಕದಲ್ಲಿ ಇವು ಹಗುರವಾದವು. 1948ರ ಬನಿಹಾಲ್ ದಾರಿಯ ಸೇತುವೆಗಳಿಗೆ ಅದೂ ಭಾರವೇ. ಟರೆಟ್‌ಗಳನ್ನು, ಅಂದರೆ ತೋಪು ಕೂರಿಸಿದ ಮೇಲಿನ ಗೋಪುರಗಳನ್ನು, ಕಳಚಿ ಬೇರೆಯಾಗಿ ಸಾಗಿಸಿ, ಒಡಲಿಗೆ ಟಾರ್ಪಾಲಿನ್ ಮುಚ್ಚಿ ತಂದರು: ತೂಕವೂ ಇಳಿಯಿತು, ದಾರಿಯಲ್ಲಿ ನೋಡಿದವರಿಗೆ ಅದು ಏನೆಂದೂ ತಿಳಿಯಲಿಲ್ಲ. ನಮ್ಮ ಮಾದರಿಯಲ್ಲಿ ಸೇತುವೆಗಳಿಗೆ ಐಸ್‌ಕ್ರೀಮ್ ಕಡ್ಡಿಗಳನ್ನು ಇಟ್ಟು, ಟ್ಯಾಂಕಿನ ಬದಲಿಗೆ ತಕ್ಕಡಿಯ ತೂಕದ ಬಟ್ಟುಗಳನ್ನು ಉಪಯೋಗಿಸಿದೆವು. ಬಟ್ಟು ಇಟ್ಟಾಗ ಕಡ್ಡಿ ಬಾಗಿದರೆ ದಾಟುವಂತಿಲ್ಲ ಎಂಬುದು ನಿಯಮ. ಎರಡು ಬಟ್ಟುಗಳನ್ನು ಬೇರೆ ಬೇರೆಯಾಗಿ ದಾಟಿಸಬಹುದು ಎಂದು ಒಬ್ಬ ಹುಡುಗಿ ತಾನೇ ಕಂಡುಹಿಡಿದಳು.

ಬಾಲ್ಟಾಲ್‌ನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆಯ ದಾರಿ. ಅದನ್ನು ಮೊದಲು ಜೀಪಿಗೆ, ಆಮೇಲೆ ಟ್ಯಾಂಕಿಗೆ ಅಗಲಮಾಡಿದವರು ಮದ್ರಾಸ್ ಸ್ಯಾಪರ್ಸ್‌ನವರು, ಅಂದರೆ ಬೆಂಗಳೂರಿನ ಹಲಸೂರು ಕೆರೆಯ ಪಕ್ಕದಲ್ಲಿ ಕೇಂದ್ರವಿರುವ ಮದ್ರಾಸ್ ಎಂಜಿನಿಯರ್ ಗ್ರೂಪ್. ಜೀಪಿನ ಅಗಲ ಒಂದೂವರೆ ಮೀಟರಿಗಿಂತ ತುಸು ಹೆಚ್ಚು. ಟ್ಯಾಂಕಿಗೆ ಇನ್ನೂ ಮುಕ್ಕಾಲು ಮೀಟರಿನಷ್ಟು ಬೇಕು, ತಿರುವಿನಲ್ಲಿ ಅದಕ್ಕೂ ಹೆಚ್ಚು. ಓದುವಾಗ ಇದು ಏನೂ ಅಲ್ಲ ಎನ್ನಿಸುತ್ತದೆ. ಕಡಿದಾದ ಇಳಿಜಾರಿನಲ್ಲಿ ದಾರಿಯನ್ನು ಮುಕ್ಕಾಲು ಮೀಟರ್ ಅಗಲಿಸಬೇಕೆಂದರೆ ಬೆಟ್ಟದ ಬದಿಯನ್ನು ಎಷ್ಟು ಎತ್ತರಕ್ಕೆ ಕಡಿಯಬೇಕು ಎಂಬುದನ್ನು ಚಮಚದಲ್ಲಿ ಮರಳು ಕೆರೆದು ನೋಡಿದವರೇ ಬಲ್ಲರು. ಮೇಲಿನಿಂದ ಜಾರಿದ ಮರಳು ಕೆರೆದ ದಾರಿಯನ್ನು ಮತ್ತೆ ಮತ್ತೆ ತುಂಬಿಬಿಡುತ್ತದೆ, ಮತ್ತು ನಿಜವಾದ ಬೆಟ್ಟದಲ್ಲಿ ಆ ಕೆಲಸವನ್ನು ಶತ್ರುವಿನ ಗುಂಡಿನ ಬೆದರಿಕೆಯಲ್ಲಿ, ಮುಂಬರುವ ಹಿಮದ ಭಯದಲ್ಲಿ ಮಾಡಬೇಕಿತ್ತು. ನನ್ನ ದೃಷ್ಟಿಯಲ್ಲಿ ಇಡೀ ಕಾರ್ಯಾಚರಣೆಯ ತಿರುಳು ಈ ಭಾಗ. ಜನರಲ್‌ಗಳ ಹೆಸರಿನ ವೃತ್ತಗಳು ನಮ್ಮ ಊರುಗಳಲ್ಲಿವೆ, ಇರಲಿ. ಗುದ್ದಲಿ ಹಿಡಿದವರ ಹೆಸರನ್ನು ಹೇಳಬಲ್ಲ ಕೆಡೆಟ್ ನನಗೆ ಸಿಕ್ಕಿಲ್ಲ.

‘ಡಕ್’ ಹೋಗಿ ‘ಬೈಸನ್’ ಎಂಬ ಹೆಸರು ಬಂದ ಯೋಜನೆಯಂತೆ ದಾಳಿ ಅಕ್ಟೋಬರ್‌ನಲ್ಲೇ ಆಗಬೇಕಿತ್ತು. ಹವೆ ಕೆಟ್ಟು ಮುಂದಕ್ಕೆ ಹೋಯಿತು. ಈ ಹಂತದಲ್ಲಿ ನಾನು ರಂಗೋಲಿ ಪುಡಿಯ ಡಬ್ಬಿಯನ್ನು ಕೆಡೆಟ್ ಒಬ್ಬರ ಕೈಗೆ ಕೊಟ್ಟು, ನಾವು ಚರ್ಚೆಯಲ್ಲಿ ಕಳೆಯುವ ಪ್ರತಿ ಐದು ನಿಮಿಷಕ್ಕೊಮ್ಮೆ ಕಣಿವೆಯ ಮೇಲೆ ಒಂದು ಹಿಡಿ ಉದುರಿಸಲು ಹೇಳುತ್ತಿದ್ದೆ. ಇನ್ನೂ ಸ್ವಲ್ಪ ತಯಾರಿ ಬೇಕು, ಇನ್ನೆರಡು ಟ್ಯಾಂಕು ಬರಲಿ ಎಂದು ವಾದಿಸುತ್ತಿದ್ದವರ ಕಣ್ಣೆದುರಿಗೇ ದಾರಿ ಬಿಳಿಯಾಗುತ್ತ ಹೋಗುತ್ತಿತ್ತು. ಯೋಜನೆ ಹಾಕುವವನು ಒಳಗಿನವರ ದಾಸ್ತಾನನ್ನು ಒಂದು ಕಡೆ, ಹಿಮದ ತಿಂಗಳನ್ನು ಇನ್ನೊಂದು ಕಡೆ ಇಟ್ಟುಕೊಂಡು ತಾರೀಕು ಆರಿಸಬೇಕು ಎಂಬುದನ್ನು ಬೇರೆ ಯಾವ ವಿಧಾನವೂ ಇಷ್ಟು ಚೆನ್ನಾಗಿ ತಿಳಿಸಿಲ್ಲ.

ನವೆಂಬರ್ 1ರ ಕಾಳಗಕ್ಕೆ ನಾನು ಹೆಚ್ಚು ಸಮಯ ಕೊಡುತ್ತಿರಲಿಲ್ಲ. ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್ ‘ಸ್ಪ್ಯಾರೋ’ ಅವರ ಟ್ಯಾಂಕುಗಳು ಮಧ್ಯಾಹ್ನ ಕಣಿವೆಯೊಳಗೆ ನುಗ್ಗಿದವು, ಗುಮ್ರಿ ಬಯಲಿಗೆ ಇಳಿದು ಗವಿಗಳ ಬಾಯಿಗೆ ಹತ್ತಿರದಿಂದಲೇ ಹೊಡೆದವು. ಅಷ್ಟು ಎತ್ತರಕ್ಕೆ ಟ್ಯಾಂಕ್ ಬರಬಹುದೆಂದು ಯಾರೂ ಎಣಿಸದಿದ್ದುದರಿಂದ ಎದುರಾಳಿಯ ಬಳಿ ಅದಕ್ಕೆ ತಕ್ಕ ಆಯುಧವಿರಲಿಲ್ಲ. ಹಿಂದೆಯೇ ಪಟಿಯಾಲಾದ ಕಾಲಾಳುಗಳು ಏರಿ ಎತ್ತರದ ನೆಲೆಗಳನ್ನು ಹಿಡಿದರು. ತಿಮ್ಮಯ್ಯನವರು ಮುಂಚೂಣಿಯ ಟ್ಯಾಂಕಿನಲ್ಲಿ ಇದ್ದದ್ದು ಇಲ್ಲಿ ಬರುತ್ತದೆ, ಮತ್ತು ಈಗ ಅದರ ಅರ್ಥವೂ ಬೇರೆಯಾಗುತ್ತದೆ. ವಾರಗಟ್ಟಲೆ ರಸ್ತೆ, ಸೇತುವೆ, ಹವೆ ಎಂದು ಕಾದ ಮೇಲೆ ಮುಂದಿನ ಟ್ಯಾಂಕು ಒಂದು ತಿರುವಿನಲ್ಲಿ ಕೆಟ್ಟು ನಿಂತರೆ ಇಡೀ ಸಾಲು ನಿಲ್ಲುತ್ತದೆ. ನಿರ್ಧಾರ ಮಾಡುವವನು ಅಲ್ಲಿಯೇ ಇರುವುದು ಧೈರ್ಯದ ಮಾತಷ್ಟೇ ಅಲ್ಲ, ಕೆಲಸದ ಅಗತ್ಯ. ಇದು ನನ್ನ ಓದು. ಕೆಲವು ಕೆಡೆಟ್‌ಗಳು ಇದನ್ನು ಒಪ್ಪದೆ, ಸೈನಿಕರ ಮನೋಬಲಕ್ಕಾಗಿಯೇ ಹೋದರು ಎಂದು ವಾದಿಸಿದ್ದಾರೆ. ಆ ವಾದವೂ ದುರ್ಬಲವಲ್ಲ.

ಕಣಿವೆ ದಾಟಿದ ಕೂಡಲೇ ಎಲ್ಲರೂ ಕೋಲು ಕೆಳಗಿಟ್ಟು ಚಪ್ಪಾಳೆ ತಟ್ಟುತ್ತಾರೆ. ಅಲ್ಲಿ ತಡೆದು ಉದ್ದದ ಪಟ್ಟಿಗೆ ಕರೆತರುತ್ತಿದ್ದೆ. ಜೋಜಿ ಲಾ ಇರುವುದು ಶ್ರೀನಗರದಿಂದ ಸುಮಾರು ಒಂದು ಮೀಟರಿನಲ್ಲಿ. ಲೇಹ್‌ಗೆ ಇನ್ನೂ ಮೂರು ಮೀಟರಿಗೂ ಹೆಚ್ಚು ಮರಳು ಬಾಕಿ. ಎದುರಾಳಿ ಓಡಿಹೋಗಲಿಲ್ಲ, ಮಟಾಯನ್‌ನ ಆಚೆ ಪಂದ್ರಾಸ್ ಬಳಿ ಮತ್ತೆ ನಿಂತ. ನವೆಂಬರ್ ನಡುಭಾಗದವರೆಗೆ ಅಲ್ಲಿ ತಡೆಯಾಯಿತು. ಜನವಸತಿಯ ಅತಿ ಚಳಿಯ ಜಾಗಗಳಲ್ಲಿ ಒಂದೆಂದು ಹೆಸರಾದ ದ್ರಾಸ್ ಕಡೆಗೆ, ಸಾಕಷ್ಟು ಬೆಚ್ಚನೆಯ ಉಡುಪಿಲ್ಲದ ಬ್ರಿಗೇಡು ನಡೆಯಿತು. ಹಿಮಕ್ಕೆ ಬೆರಳು ಕಳೆದುಕೊಂಡವರೂ ಇದ್ದರು. ದ್ರಾಸ್ ಸಿಕ್ಕಿತು, 23ರ ಸುಮಾರಿಗೆ ಕಾರ್ಗಿಲ್ ಸಿಕ್ಕಿತು, 24ರಂದು ಅಲ್ಲಿ ಲೇಹ್ ಕಡೆಯಿಂದ ಬಂದ ಪಡೆಯೊಂದಿಗೆ ಸೇರಿಕೆಯಾಯಿತು. ಅದೇ ವಾರದಲ್ಲಿ ದಕ್ಷಿಣದಲ್ಲಿ ಪೂಂಛ್‌ಗೂ ದಾರಿ ತೆರೆದಿತ್ತು. ಲೇಹ್‌ನವರು ಕೈಕಟ್ಟಿ ಕಾಯಲಿಲ್ಲ, ತಾವೂ ಹೊರಟು ಬಂದರು ಎಂಬುದನ್ನು ತೋರಿಸಲು ಎರಡು ಕಡೆಯಿಂದಲೂ ನೀಲಿ ಬಾಣಗಳನ್ನು ಇಡಬೇಕು. ಬಹಳ ಮಾದರಿಗಳಲ್ಲಿ ಪಶ್ಚಿಮದ ಬಾಣ ಒಂದೇ ಇರುತ್ತದೆ. ಡಿಸೆಂಬರ್ ಮುಗಿದ ರಾತ್ರಿಯೊಂದಿಗೆ ಕದನ ವಿರಾಮ ಬಂತು. ಕಾರ್ಗಿಲ್ ಆ ಹೊತ್ತಿಗೆ ಕೈಯಲ್ಲಿರದೇ ಹೋಗಿದ್ದರೆ ವಿರಾಮದ ಗೆರೆ ಜೋಜಿ ಲಾದ ಆಸುಪಾಸಿನಲ್ಲೇ ಬೀಳುವ ಸಾಧ್ಯತೆಯಿತ್ತು, ಆಗ ಲೇಹ್‌ಗೆ ಶ್ರೀನಗರದ ರಸ್ತೆಯೇ ಉಳಿಯುತ್ತಿರಲಿಲ್ಲ. ತಿಂಗಳ ಹಲಗೆಯ ಮೇಲೆ ಸೇರಿಕೆಗೂ ಕದನ ವಿರಾಮಕ್ಕೂ ನಡುವೆ ಉಳಿಯುವ ಜಾಗ ನಾಲ್ಕು ಬೆರಳಿನಷ್ಟು.

ಇದನ್ನು ಕಲಿಸಲು ಹೊರಡುವವರಿಗೆ ನನ್ನದೊಂದು ಸಲಹೆ ಇದೆ. ಜಾಗ, ಮರಳು, ಸಮಯ ಯಾವುದು ಕಡಿಮೆಯಾದರೂ ಬಾಲ್ಟಾಲ್‌ನ ಸಣ್ಣ ಮಾದರಿಯನ್ನೇ ಬಿಟ್ಟುಬಿಡಿ. ಉದ್ದದ ಪಟ್ಟಿ ಮತ್ತು ತಿಂಗಳ ಹಲಗೆ ಇರಲಿ. ಕಾಳಗವನ್ನು ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಲ್ಲೂ ಬರೆಯಬಹುದು. ಪೂಂಛ್‌ಗೂ ಇಂಥದೇ ಪಟ್ಟಿಯೊಂದನ್ನು ರಾಜೌರಿಯಿಂದ ಹಿಡಿದು ಮಾಡಬಹುದು. ಅಲ್ಲಿ ಹಿಮದ ಡಬ್ಬಿಗಿಂತ ನಿರಾಶ್ರಿತರ ಅಕ್ಕಿಯ ಚೀಟಿಗಳು ಹೆಚ್ಚು ಬೇಕಾಗುತ್ತವೆ, ಮತ್ತು ವಿಮಾನಪಟ್ಟಿಯ ಮೇಲೆ ಬೀಳುತ್ತಿದ್ದ ಫಿರಂಗಿ ಗುಂಡಿಗೆ ಕೆಂಪು ದಾರಗಳೂ ಬೇಕಾಗುತ್ತವೆ.